ಒಬ್ಬಾಕಿ ಕಣ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಎಳ್ಳಮಾವಾಸ್ಯೆಯ ಮರುದಿನ, ಒಂದು ಮಂಗಳವಾರ. ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟಿದ್ದೆ. ಮನೆಯವರೆಲ್ಲ ಹಿಂದಿನ ದಿನ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಉಂಡು, ದಣಿದು ಮಲಗಿದ್ದರು. ನಾನು ಉಳಿದ ಕಡುಬು ಕಟ್ಟಿಕೊಂಡು ಹೊರಟೆ. ಅಂದಿನಿಂದ ಒಂದೂರಲ್ಲಿ ನೆಲೆ ನಿಂತವನಲ್ಲ. ಕುಕ್ಕರು, ಗ್ಯಾಸ್ ಒಲೆ ರಿಪೇರಿ ಮಾಡುತ್ತ ಊರೂರು ತಿರುಗುವುದೇ ಬದುಕಾಯಿತು. ಹೀಗೆ ತಿರುಗುವವನಿಗೆ ಜಾಗಗಳ ಹೆಸರಿನ ಕಥೆ ಕೇಳುವ ಚಟ ಹತ್ತಿಬಿಡುತ್ತದೆ. ಎಲ್ಲ ಊರವರೂ ಅಂಥ ಕಥೆಯನ್ನು ಎದೆ ಉಬ್ಬಿಸಿಯೇ ಹೇಳುತ್ತಾರೆ. ಇಲ್ಲಿ ರಾಮ ಬಾಣ ಹೂಡಿದ, ಇಲ್ಲಿ ಭೀಮ ಉಂಡು ಕೈ ತೊಳೆದ ಎನ್ನುತ್ತಾರೆ. ತಲೆ ತಗ್ಗಿಸಿ ಹೇಳಿದ ಕಥೆ ನಾನು ಕೇಳಿದ್ದು ಒಂದೇ. ಅದು ತೊಂಡಿಗಲ್ಲಿನ ಒಬ್ಬಾಕಿ ಕಣದ್ದು.

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಎರೆನೆಲದಲ್ಲಿ, ಕಲ್ಲುಗುಂಡುಗಳ ಗುಡ್ಡವೊಂದಕ್ಕೆ ಬೆನ್ನು ಕೊಟ್ಟು ತೊಂಡಿಗಲ್ಲು ಕೂತಿದೆ. ಊರಿನ ಮೂಡಣಕ್ಕೆ, ಹಳ್ಳದ ದಂಡೆಯಲ್ಲಿ, ಮಗ್ಗುಲಾಗಿ ಮಲಗಿದ ಎಮ್ಮೆಯಂಥ ಒಂದು ಹಾಸುಬಂಡೆ ಇದೆ. ಅದೇ ಊರೊಟ್ಟಿನ ಕಣ. ನಡುವೆ ಎದೆಮಟ್ಟದ ಕಲ್ಲುಕಂಬ. ಒಕ್ಕುವ ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತ ತಿರುಗಿಸುವುದಕ್ಕೆ ಕಣದ ನಡುವೆ ನೆಡುವ ಮೇಟಿ ಅದು. ಬೇರೆ ಕಡೆ ಮರದ್ದಿರುತ್ತದೆ, ಇಲ್ಲಿ ಕಲ್ಲಿನದು. ಅದರ ಸುತ್ತ ಗೊರಸು ಸವೆಸಿದ ಗಾಲಿಯಂಥ ತಗ್ಗು, ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಗುಬ್ಬಿಗಳು ಮೀಯುತ್ತವೆ. ಈಗ ಎತ್ತು ಕಟ್ಟುವವರಿಲ್ಲ, ಯಂತ್ರ ಬಂದು ಗಳಿಗೆಯಲ್ಲಿ ಜೋಳ ಉದುರಿಸಿ ಹೋಗುತ್ತದೆ. ಆದರೂ ಚೀಲ ತೂಗುವಾಗ ತೊಂಡಿಗಲ್ಲಿನವರು ಬೇಕೆಂದೇ ಗದ್ದಲ ಎಬ್ಬಿಸುತ್ತಾರೆ. ತೂಕ ಎಷ್ಟೆಂದು ಒಬ್ಬ ಕೂಗಿದರೆ ಹತ್ತು ಜನ ಅದನ್ನೇ ಮತ್ತೆ ಕೂಗುತ್ತಾರೆ. ಹೊಸಬರಿಗೆ ಜಗಳವೇ ಹತ್ತಿತೆನಿಸುತ್ತದೆ. ನನಗೂ ಹಾಗೇ ಅನಿಸಿ, ನಾನು ಇಳಿದುಕೊಂಡಿದ್ದ ಮನೆಯ ಗೂಳಪ್ಪಜ್ಜನನ್ನು ಕೇಳಿದೆ. ಅಜ್ಜ ಹೇಳಿದ್ದನ್ನು ನನಗೆ ತಿಳಿದಂತೆ ಬರೆದಿದ್ದೇನೆ.

ಹಿಂದೆ ಒಮ್ಮೆ ಈ ಸೀಮೆಯೆಲ್ಲ ಕೋಟೆಯ ದೇಸಾಯಿಯ ಕೈಯಲ್ಲಿತ್ತಂತೆ. ಬೆಳೆದದ್ದರಲ್ಲಿ ನಾಲ್ಕರಲ್ಲಿ ಒಂದು ಪಾಲು ಅವನಿಗೆ. ಸುಗ್ಗಿಯಲ್ಲಿ ಅವನ ಕಡೆಯ ಅಳತೆಗಾರ ಕೊಳಗ ಹೊತ್ತು ಬಂದು ಪಾಲು ಅಳೆದು ಒಯ್ಯುತ್ತಿದ್ದ. ಆ ಕಾಲದ ಕಣದ ಮಡಿ ಬಲು ದೊಡ್ಡದು. ಒಕ್ಕುವಾಗ ಇರುಳೆಲ್ಲ ಹಂತಿ ಹಾಡು ಹೇಳಿ ಗಂಟಲು ಹರಿದುಕೊಳ್ಳುತ್ತಿದ್ದ ಜನ, ತೂರಿದ ಕಾಳು ರಾಶಿಯಾಗಿ ಪೂಜೆಗೊಂಡ ಮೇಲೆ ಒಂದು ಮಾತೂ ಆಡುವಂತಿರಲಿಲ್ಲ. ಅಳೆಯುವಾಗ ದನಿ ಕೇಳಿದರೆ ರಾಶಿಯ ಹುಲುಸು ಹಾರಿಹೋಗುತ್ತದೆಂಬ ನಂಬಿಕೆ. ಹೆಗಲ ವಸ್ತ್ರದ ಚುಂಗನ್ನು ಬಾಯಿಗೆ ಹಿಡಿದು ಎಲ್ಲರೂ ಸುತ್ತ ಕೂತಿರಬೇಕು. ಕೆಮ್ಮು ಬಂದವನು ಕಣ ಇಳಿದು ಹೋಗಿ ಕೆಮ್ಮಿ ಬರಬೇಕು. ರಾಶಿ ಎದ್ದು ಕಾಳು ಚೀಲ ಸೇರಿತೆಂದರೆ ಅಳತೆಯ ಮಾತು ಮುಗಿಯಿತು, ಆಮೇಲೆ ತಕರಾರಿಲ್ಲ. ಈ ಮಡಿಗೆ ಒಂದೇ ಒಂದು ಕಿಂಡಿ ಹಿರಿಯರು ಬಿಟ್ಟಿದ್ದರು. ಕಣದಲ್ಲಿ ಒಬ್ಬರೇ ಬಾಯಿಬಿಟ್ಟರೆ ಅದು ಮೈಲಿಗೆ. ಅವರ ಆ ವರ್ಷದ ಕಾಳು ದೇಸಾಯಿಗೆ, ಅವರು ಹಳ್ಳದಾಚೆಗೆ, ಮತ್ತೆ ಊರೊಳಗೆ ಬರುವಂತಿಲ್ಲ. ಆದರೆ ಎದ್ದು ನಿಂತವರ ಮಾತಿಗೆ ಇನ್ನೊಂದು ಬಾಯಿ ಹೌದೆಂದರೆ ಅದು ಊರಿನ ದೂರು. ಆಗ ಅಳತೆ ನಿಲ್ಲಬೇಕು, ದೇಸಾಯಿಯೂ ಕೇಳಲೇಬೇಕು.

ಆಗ ಬರುತ್ತಿದ್ದ ಅಳತೆಗಾರ ರಾಚಪ್ಪ. ಅವನು ಬಂದ ಮೊದಲ ವರ್ಷ ಕಾಳು ಬಾಯಿಮಟ್ಟಕ್ಕೆ ನಿಲ್ಲುವಂತೆ ಕೊಳಗದ ತಲೆ ಸವರಿಯೇ ಅಳೆದ. ಮರುವರ್ಷ ದೇಸಾಯಿಯ ಪಾಲು ಅಳೆಯುವಾಗ ಸವರುವ ಕೋಲು ಪಕ್ಕಕ್ಕಿಟ್ಟ. ಅದರ ಮುಂದಿನ ವರ್ಷದಿಂದ ಕೊಳಗದ ಬಾಯಿಗೆ ಎಡಗೈ ಬಳಸಿ ಹಿಡಿದು, ಆ ಕೈಯ ಕಟ್ಟೆಯೊಳಗೆ ಕಾಳು ಏರಿಸಿ ಏರಿಸಿ ಗೋಪುರ ಕಟ್ಟತೊಡಗಿದ. ರೈತನ ಪಾಲಿಗೆ ಮಾತ್ರ ಕೋಲು ನಯವಾಗಿ ಸವರುತ್ತಿತ್ತು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಹಾಡುಹಗಲು, ಎಲ್ಲರ ಕಣ್ಣೆದುರು ನಡೆಯುತ್ತಿತ್ತು. ಕಣದ ಹೊರಗೆ ಜನರ ಬಾಯಿಗೇನೂ ಬರವಿರಲಿಲ್ಲ. ಅವನಿಗೆ ಗೋಪುರದ ರಾಚಪ್ಪ ಎಂದು ಹೆಸರಿಟ್ಟಿದ್ದರು. ರಾಚಪ್ಪನ ಕೊಳಗಕ್ಕೆ ಕಳಸ ಒಂದು ಕಡಿಮೆ ಎಂದು ಹಂತಿಯಲ್ಲಿ ಹಾಡು ಕಟ್ಟಿ ನಗುತ್ತಿದ್ದರು. ಊರಬಾಗಿಲ ಅಗಸಿ ಕಟ್ಟೆಯಲ್ಲಿ ಕೂತು, ಮುಂದಿನ ಸುಗ್ಗಿಗೆ ಕೇಳಿಯೇ ಬಿಡೋಣ ಎನ್ನುತ್ತಿದ್ದರು. ಸುಗ್ಗಿ ಬಂದಾಗ ವಸ್ತ್ರದ ಚುಂಗು ಬಾಯಿಗೆ ಹೋಗುತ್ತಿತ್ತು. ನಗುವುದಕ್ಕೆ ಹಾಡಿದೆ, ಸುಮ್ಮನಿರುವುದಕ್ಕೆ ಮಡಿಯಿದೆ. ಎರಡೂ ಸೇರಿ ಊರು ಹಾಯಾಗಿತ್ತು ಎಂದು ಹೇಳುವಾಗ ಗೂಳಪ್ಪಜ್ಜ ತನ್ನ ಮುತ್ತಜ್ಜಂದಿರನ್ನು ಒಂದಿಷ್ಟೂ ಕಾಪಾಡಲಿಲ್ಲ.

ಆ ಕಣದಲ್ಲಿ ಕಾಳು ತೂರುವ ಕೆಲಸ ನಿಂಬೆವ್ವನದು. ಮದುವೆಯಾಗಿ ಬಂದಾಗ ಗಂಡನ ತಮ್ಮ ಬೂದೆಪ್ಪ ಇನ್ನೂ ಅಂಬೆಗಾಲಿಡುವ ಕೂಸು. ಅತ್ತೆ ತೀರಿಹೋಗಿದ್ದಳು. ಅವನಿಗೆ ತುತ್ತು ಮಾಡಿ ತಿನ್ನಿಸಿದವಳು, ಮದುವೆ ಮಾಡಿ ಬೇರೆ ಮನೆ ಕಟ್ಟಿಕೊಟ್ಟವಳು ಈಕೆಯೇ. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಹಳ್ಳದ ದಂಡೆಯ ತುಂಡು ಹೊಲ ಮತ್ತು ಒಂದು ಗುಡಿಸಲು. ರಾಶಿಗೆ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದವಳು ಅವಳು, ಹಾಗಾಗಿ ಗೋಪುರ ವರ್ಷದಿಂದ ವರ್ಷಕ್ಕೆ ಬೆಳೆಯುವುದು ಅವಳ ಕಣ್ಣ ಮಟ್ಟದಲ್ಲೇ ಕಾಣುತ್ತಿತ್ತು. ಒಂದು ವರ್ಷ ಪಕ್ಕದ ಗುಡಿಸಲಿನ ಬಾಣಂತಿ ಮುಂಗಾರಿಗೆ ಮೊದಲೇ ಕಾಳು ಮುಗಿದು ಹುಲ್ಲುಬೀಜದ ಅಂಬಲಿ ಕಾಸಿ ಕುಡಿಯುವುದನ್ನು ನೋಡಿದಳು. ಈ ಸಲ ಸುಮ್ಮನೆ ಕೂರುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿದಳು ಎನ್ನುತ್ತಾರೆ.

ರಾಶಿಯ ಹಿಂದಿನ ದಿನ ಹೊತ್ತು ಇಳಿಯುವ ಮೊದಲೇ ಮೊರ ಕಂಕುಳಲ್ಲಿಟ್ಟುಕೊಂಡು ಅವಳು ಮನೆಮನೆ ಹೊಕ್ಕಳು. ನಾಳೆ ಕಣದಲ್ಲಿ ಮೊದಲು ಏಳುವವಳು ನಾನು, ನನ್ನ ಮಾತು ಮುಗಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಹೌದೆಂದರೆ ಸಾಕು, ಬೇರೇನೂ ಬೇಡ ಎಂದಳು. ಯಾರೂ ಇಲ್ಲ ಎನ್ನಲಿಲ್ಲ. ಒಬ್ಬ ದೇವರ ಆಣೆ ಹಾಕಿದ, ಇನ್ನೊಬ್ಬ ಮಗನ ತಲೆ ಮುಟ್ಟಿದ. ಮತ್ತೊಬ್ಬ, ಹೆಂಗಸು ಮೊದಲು ಏಳುವಂತಾಯಿತಲ್ಲ, ನಮ್ಮ ಮೀಸೆ ಬೋಳಿಸಬೇಕು ಎಂದು ತನ್ನನ್ನೇ ಬೈದುಕೊಂಡ. ಕೊನೆಗೆ ಬೂದೆಪ್ಪನ ಮನೆಗೆ ಬಂದಳು. ಅವನು ಎತ್ತಿನ ಹಗ್ಗ ಹೊಸೆಯುತ್ತಿದ್ದ.

"ಊರೆಲ್ಲಾ ಹೂಂ ಅಂದದ. ಆದ್ರೂ ನಿನ್ನ ಬಾಯಿಂದ ಕೇಳಬೇಕು ನೋಡಪಾ," ಎಂದಳು.

"ಊರು ಹೂಂ ಅಂದಮ್ಯಾಲ ನಂದೇನು ವೈನಿ? ನಾ ಇರ್ತೀನಿ," ಎಂದ ಬೂದೆಪ್ಪ, ಹಗ್ಗದಿಂದ ತಲೆ ಎತ್ತದೆ.

ಮರುದಿನ ರಾಶಿ ಪೂಜೆಯಾಯಿತು. ವಸ್ತ್ರದ ಚುಂಗುಗಳು ಬಾಯಿಗೆ ಹೋದವು. ರಾಚಪ್ಪ ಮೊದಲ ಕೊಳಗ ತುಂಬಿ, ಎಡಗೈ ಬಳಸಿ, ಗೋಪುರ ಏರಿಸಿದ. ಅವನು ಅದನ್ನು ದೇಸಾಯಿಯ ಚೀಲಕ್ಕೆ ಸುರಿಯುವಷ್ಟರಲ್ಲಿ ನಿಂಬೆವ್ವ ಎದ್ದು ನಿಂತಳು. ಕಿರುಚಲಿಲ್ಲ, ಬೈಯಲೂ ಇಲ್ಲ.

"ಅಣ್ಣಾ, ಕೊಳಗದ ತಲಿ ಸವರು," ಎಂದಳು.

ಆ ಮಾತು ಗುಡ್ಡಕ್ಕೆ ಬಡಿದು ವಾಪಸು ಬಂತಂತೆ, ಅಷ್ಟು ನಿಶ್ಶಬ್ದವಿತ್ತು. ರಾಚಪ್ಪನ ಎಡಗೈ ಕೊಳಗದ ಬಾಯಿಂದ ಜಾರಿ ಗೋಪುರ ಕುಸಿದು ಕಾಳು ಬಂಡೆಯ ಮೇಲೆಲ್ಲ ಚೆಲ್ಲಿತು. ಅವನಿಗೂ ಹೆದರಿಕೆ ಹುಟ್ಟಿತ್ತು ಎನ್ನುವುದನ್ನು ಊರಿನವರು ಇಂದಿಗೂ ಒತ್ತಿ ಹೇಳುತ್ತಾರೆ. ಇನ್ನೊಂದು ಬಾಯಿ ತೆರೆದರೆ ಅವನ ಗತಿ ಮುಗಿಯುತ್ತಿತ್ತು. ಕಟ್ಟಳೆಯಂತೆ ಅವನು ಕೊಳಗ ಕೆಳಗಿಟ್ಟು ಕಾದ. ನಿಂಬೆವ್ವ ಒಬ್ಬೊಬ್ಬರ ಮುಖ ನೋಡುತ್ತ ಹೋದಳು. ನೋಡಿದವರೆಲ್ಲ ರಾಶಿಯ ಕಡೆ ಕಣ್ಣು ತಿರುಗಿಸಿದರು. ಆಣೆ ಹಾಕಿದವನು ಮೀಸೆಯವನನ್ನು ನೋಡಿದ, ಮೀಸೆಯವನು ಮಗನ ತಲೆ ಮುಟ್ಟಿದವನನ್ನು ನೋಡಿದ. ಹೇಳಬಾರದೆಂದು ಯಾರೂ ಅಂದುಕೊಂಡಿರಲಿಲ್ಲ. ಪಕ್ಕದವನು ಹೇಳಲಿ, ಹಿಂದಿನಿಂದ ನಾನು ದನಿ ಕೂಡಿಸುತ್ತೇನೆ ಎಂದು ಅಷ್ಟೂ ಜನ ಕಾಯುತ್ತಿದ್ದರು. ಬೂದೆಪ್ಪನ ತುಟಿ ಅಲುಗಿದ್ದನ್ನು ಕಂಡವರಿದ್ದಾರೆ. ಆದರೆ ಅವನು ವಸ್ತ್ರವನ್ನು ಇನ್ನಷ್ಟು ಒತ್ತಿ ಹಿಡಿದ. ನಿಂಬೆವ್ವ ಅವನನ್ನು ಹೆಚ್ಚು ಹೊತ್ತು ನೋಡಲಿಲ್ಲವಂತೆ. ಬಂಡೆಯ ಮೇಲೆ ಚೆಲ್ಲಿದ್ದ ಕಾಳನ್ನು ಕಾಲಿಗೆ ಸಿಗದ ಹಾಗೆ ಮೊರದಲ್ಲಿ ಬಳಿದು ರಾಶಿಗೆ ಸುರಿದು, ಕಣಕ್ಕೆ ಕೈಮುಗಿದು ಇಳಿದಳು. ಹಳ್ಳ ದಾಟಿದಳು. ಯಾರೂ ಹೋಗೆಂದು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ರಾಚಪ್ಪ ಹೊಸ ಗೋಪುರ ಕಟ್ಟಿದ.

ಆ ವರ್ಷದ ಜೋಳದ ರೊಟ್ಟಿ ಯಾರ ಬಾಯಿಗೂ ರುಚಿಸಲಿಲ್ಲವೆಂದು ಕಥೆ. ಅಗಸಿ ಕಟ್ಟೆ ಬಣಗುಟ್ಟಿತು. ಇಬ್ಬರು ಎದುರಾದರೆ ಇಬ್ಬರಿಗೂ ಅವಳ ನೆನಪಾಗುವುದರಿಂದ ಜನ ಓಣಿ ಬದಲಿಸಿ ನಡೆಯುತ್ತಿದ್ದರು. ಹೆಂಗಸರು ಗಂಡಂದಿರಿಗೆ ಊಟಕ್ಕಿಟ್ಟು, ಒಂದು ಮಾತೂ ಆಡದೆ ಎದ್ದುಹೋಗುತ್ತಿದ್ದರು. ನಿಮಗೆ ಕಣದ ಮಡಿ ಪಥ್ಯವಾಗಿದೆ, ಮನೆಯಲ್ಲೂ ನಡೆಯಲಿ ಎಂದು ಬೂದೆಪ್ಪನ ಹೆಂಡತಿ ಒಮ್ಮೆ ಅಂದಳಂತೆ. ಅವನು ಹಳ್ಳದಾಚೆಯ ಊರುಗಳನ್ನೆಲ್ಲ ಸುತ್ತಿ ಬಂದ. ಮೊರ ಹಿಡಿದ ಹೆಂಗಸೊಬ್ಬಳು ಬಂದಿದ್ದಳು, ಎರಡು ದಿನ ಕಾಳು ತೂರಿ ಮುಂದೆ ಹೋದಳು ಎಂಬ ಸುದ್ದಿ ಒಂದೂರಲ್ಲಿ ಸಿಕ್ಕಿತು. ಅದರಾಚೆಗೆ ಸುದ್ದಿಯೂ ಇಲ್ಲ.

ಮುಂದಿನ ಸುಗ್ಗಿ ಬಂತು. ರಾಶಿಗೆ ಪೂಜೆಯಾಗಿ ಜನ ಸುತ್ತ ಕೂತರು. ರಾಚಪ್ಪ ಕೊಳಗ ತುಂಬಿ ಎಡಗೈ ಬಳಸಿದ. ಕಣದಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ. ಬೂದೆಪ್ಪ ಎದ್ದು, ಹೆಗಲ ವಸ್ತ್ರ ತೆಗೆದು ನೆಲಕ್ಕೆ ಹಾಕಿ, "ಹೌದು," ಎಂದ.

ರಾಚಪ್ಪನಿಗೆ ಅರ್ಥವಾಗಲಿಲ್ಲ. ಕೊಳಗ ಹಿಡಿದಲ್ಲಿಂದಲೇ, ಯಾತಕ್ಕೆ ಹೌದು, ಯಾರೂ ಏನೂ ಅಂದಿಲ್ಲವಲ್ಲ ಎಂದು ಕೇಳಿದ.

"ಹ್ವಾದ ಸುಗ್ಗಿಗೆ ನಮ್ಮ ವೈನಿ ಅಂದಾಳ. ಅದಕ್ಕ ಹೌದು," ಎಂದ ಬೂದೆಪ್ಪ.

ಹೀಗೆ ಎರಡನೆಯ ಬಾಯಿ ಒಂದು ವರ್ಷ ತಡವಾಗಿ ತೆರೆಯಿತು. ಆಮೇಲೆ ಆಣೆ ಹಾಕಿದವನು ಎದ್ದ, ಮೀಸೆಯವನು ಎದ್ದ. ಕಣದ ಅಂಚಿನಲ್ಲಿ ನಿಂತಿದ್ದ ಹೆಂಗಸರು ಹೌದೆಂದರು. ರಾಚಪ್ಪ ಕೊಳಗ ಕೆಳಗಿಟ್ಟ. ದೇಸಾಯಿಯ ಕುದುರೆಯವರು ಬಂದರು, ಬೆದರಿಸಿದರು, ಬೂದೆಪ್ಪನೊಂದಿಗೆ ನಾಲ್ಕಾರು ಜನರನ್ನು ಒಯ್ದು ಕೋಟೆಯಲ್ಲಿ ಕೂರಿಸಿದರು. ಅವರ ಹಿಂದೆ ಇಡೀ ಊರು ನಡೆದುಹೋಗಿ ಕೋಟೆಯ ಬಾಗಿಲಲ್ಲೇ ಒಲೆ ಹೂಡಿತು. ರಾಶಿ ಅಳೆಯದೆ ಬಂಡೆಯ ಮೇಲೇ ಬಿದ್ದಿತ್ತು. ಮೋಡ ಕಟ್ಟುತ್ತಿತ್ತು. ನೆಂದರೆ ದೇಸಾಯಿಯ ಪಾಲೂ ನೆನೆಯುತ್ತದೆ. ಕೊನೆಗೆ ಅವನು ಕೊಳಗದ ತಲೆ ಸವರಿ ಅಳೆಯಲು ಒಪ್ಪಿದ, ಒಯ್ದವರನ್ನು ಬಿಟ್ಟ. ನಿಂಬೆವ್ವನ ಗಡೀಪಾರನ್ನೂ ತೆಗೆದುಹಾಕಿದ. ಹೇಳಿಕಳಿಸೋಣವೆಂದರೆ ಅವಳು ಎಲ್ಲಿದ್ದಾಳೆಂದು ಯಾರಿಗೂ ತಿಳಿಯದು.

ಗೆದ್ದು ಬಂದ ಉಮೇದಿನಲ್ಲಿ ಕಲ್ಲಿನ ಮೇಟಿ ನೆಟ್ಟು, ಇದಕ್ಕೆ ಹೌದೆಂದ ಕಣ ಎಂದು ಹೆಸರಿಡೋಣವೆಂದು ಕೆಲವರು ಅಂದರಂತೆ. ಬೂದೆಪ್ಪ ಒಪ್ಪಲಿಲ್ಲ. ನಾವು ಹೌದೆಂದದ್ದು ನೆನಪಿರುವುದಕ್ಕಿಂತ, ನಾವು ಅಷ್ಟೂ ಜನ ಕೂತಿದ್ದಾಗ ಅವಳು ಒಬ್ಬಳೇ ನಿಂತಿದ್ದು ನೆನಪಿರಬೇಕು ಎಂದ. ಹೀಗೆ ಒಬ್ಬಾಕಿ ಕಣ ಎಂಬ ಹೆಸರು ನಿಂತಿತು. ಬೇರೆ ಊರಾಗಿದ್ದರೆ ಅವಳಿಗೊಂದು ಗುಡಿ ಕಟ್ಟಿ, ಉಡಿ ತುಂಬಿ, ದೇವಿ ಮಾಡಿ ಕೈತೊಳೆದುಕೊಳ್ಳುತ್ತಿದ್ದರೇನೋ. ಗುಡಿಯ ಮಾತು ತೊಂಡಿಗಲ್ಲಿನಲ್ಲೂ ಎರಡು ಸಲ ಎದ್ದಿದೆಯಂತೆ, ಹಿರಿಯರು ಬಿಟ್ಟಿಲ್ಲ. ಆಕೆ ಕೇಳಿದ್ದು ಹೂವು ಕಾಯಿ ಅಲ್ಲ ಎಂದಷ್ಟೇ ಗೂಳಪ್ಪಜ್ಜ ಹೇಳಿದ.

ಇಂದು ಅಲ್ಲಿಗೆ ಹೋದವರು ಬಂಡೆ, ಕಂಬ, ಗೊರಸಿನ ತಗ್ಗು ನೋಡುತ್ತಾರೆ. ಎರಡು ದಿನ ಉಳಿದವರಿಗೆ ಇನ್ನೊಂದೂ ಕಾಣುತ್ತದೆ. ಈ ಊರಿನಿಂದ ಯಾರೂ ಒಬ್ಬರೇ ಕಚೇರಿಗೆ ಅರ್ಜಿ ಹಿಡಿದು ಹೋಗುವುದಿಲ್ಲ. ಮುದುಕಿಯೊಬ್ಬಳ ಪಿಂಚಣಿ ನಿಂತರೆ ಆರು ಜನ ಬಸ್ಸು ಹತ್ತುತ್ತಾರೆ, ಅದರಲ್ಲಿ ಐವರಿಗೆ ಅಲ್ಲಿ ಏನೂ ಕೆಲಸವಿರುವುದಿಲ್ಲ. ಗ್ರಾಮಸಭೆ ಈ ಬಂಡೆಯ ಮೇಲೆಯೇ ಕೂರುತ್ತದೆ. ಒಬ್ಬರು ಮಾತು ಮುಗಿಸಿದ ಕೂಡಲೇ ಯಾರಾದರೂ ಹೌದೆನ್ನಬೇಕು, ಇಲ್ಲ ಅಲ್ಲವೆನ್ನಬೇಕು. ಸುಮ್ಮನೆ ಕೂತವನನ್ನು, ಏನೋ, ವಸ್ತ್ರ ತರಲೇನು ಎಂದು ಪಕ್ಕದವರು ಕೆಣಕುತ್ತಾರೆ.

ನಾನಿದ್ದ ದಿನಗಳಲ್ಲಿ ಗುಡ್ಡದ ಬೆನ್ನಿಗೆ ಹೊಸದಾಗಿ ಬಂದ ಕಲ್ಲು ಕ್ರಷರಿನ ಧೂಳು ಊರಿನ ಕುಡಿಯುವ ನೀರಿನ ಟಾಕಿಗೆ ಬೀಳುತ್ತಿತ್ತು. ಮೊದಲು ದನಿ ಎತ್ತಿದವಳು ಅಂಗನವಾಡಿಯಲ್ಲಿ ಅಡುಗೆ ಮಾಡುವ ಶಿವಲೀಲಾ. ಕ್ರಷರಿನವರು ಅವಳ ಮನೆ ಮುಂದೆ ಜೀಪು ನಿಲ್ಲಿಸಿ ಬೆದರಿಸಿ ಹೋಗಿದ್ದರು. ಮರುದಿನದಿಂದ ಅವಳ ಕಟ್ಟೆಯ ಮೇಲೆ ಸರದಿಯಲ್ಲಿ ಜನ ಕೂರತೊಡಗಿದರು. ಸೋಮವಾರ ಎಲ್ಲರೂ ತಾಲ್ಲೂಕು ಕಚೇರಿಗೆ ಹೊರಡುವುದೆಂದು ಬಂಡೆಯ ಮೇಲೆ ನಿಶ್ಚಯವಾಯಿತು. ನೀವೂ ಬನ್ನಿ, ಒಂದು ಬಾಯಿ ಹೆಚ್ಚಾಗುತ್ತದೆ ಎಂದ ಅಜ್ಜ. ನಾನು ಈ ಊರಿನವನಲ್ಲ, ನನ್ನ ವೋಟು ಇಲ್ಲಿಲ್ಲ, ಅಂದು ಕೂಡಲಸಂಗಮದ ಕಡೆ ಕೆಲಸವಿದೆ ಎಂದೆ. ಮೂರನೆಯದು ಸುಳ್ಳು.

ಸೋಮವಾರ ಬೆಳಗ್ಗೆ ಜನ ಅಗಸಿಯಲ್ಲಿ ಕೂಡುವ ಸದ್ದು ಪಡಸಾಲೆಯವರೆಗೆ ಬರುತ್ತಿತ್ತು. ನಾನು ನಟ್ಟು ಬಿಚ್ಚುವ ಪಾನಾ, ಇಕ್ಕಳ, ಕುಕ್ಕರಿನ ರಬ್ಬರುಗಳನ್ನು ಚೀಲಕ್ಕೆ ಹಾಕುತ್ತಿದ್ದೆ. ಗೂಳಪ್ಪಜ್ಜ ಚಪ್ಪಲಿ ಮೆಟ್ಟಿ ಬಂದು ನಾಲ್ಕು ರೊಟ್ಟಿ, ಒಂದು ಚಟ್ನಿಪುಡಿಯ ಪೊಟ್ಟಣ ನನ್ನ ಪಕ್ಕದಲ್ಲಿಟ್ಟ. ಬೇಜಾರಿನ ಸುಳಿವೂ ಅವನ ಮುಖದಲ್ಲಿರಲಿಲ್ಲ.

"ಹೋಗ್ರಿ, ತಿರುಗೋ ಕಾಲು ಯಾರು ಕಟ್ಯಾರ. ಆದ್ರ ಹೋದಲ್ಲಿ ಯಾರರ ಒಬ್ಬಾಕಿ ಎದ್ದು ನಿಂತಿದ್ರ, ನಮ್ಮ ಊರ ಲೆಕ್ಕಕ್ಕ ಒಂದು ಹೌದು ಅಂದು ಮುಂದ ಹೋಗ್ರಿ. ಅಷ್ಟು ಮಾಡ್ತೀರೇನು?"

ಅಜ್ಜ ನನ್ನ ಉತ್ತರಕ್ಕಾಗಿ ನಿಂತ. ಹೊರಗಿನಿಂದ ಅವನನ್ನು ಕರೆದರು, ಆದರೂ ನಿಂತ. ನಾನು ರಬ್ಬರುಗಳನ್ನು ಮತ್ತೊಮ್ಮೆ ಹೊರಗೆ ತೆಗೆದು, ಅಳತೆಯ ಪ್ರಕಾರ ಜೋಡಿಸಿ, ಮತ್ತೆ ಚೀಲಕ್ಕೆ ತುಂಬತೊಡಗಿದೆ.