ಕಂಡಿಕೆ ಮುಗಿಯಲಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಮಂತ್ರ ಕಲಿಸುತ್ತಿರಲಿಲ್ಲ, ಹುಡುಗಿಯರಿಗೆ ಮಗ್ಗ ಕಲಿಸುತ್ತಿದ್ದರು. ಕಲಿಸುವವರ ಹೆಸರು ಸಾವಂತ್ರೆವ್ವ. ಊರಿಗೆಲ್ಲ ಅವರು ಗುರುವ್ವ.

ವಯಸ್ಸಾಗಿ ಕೈ ನಡುಗತೊಡಗಿದಾಗ ಗುರುವ್ವ ತಮ್ಮ ಹಿರಿಯ ಶಿಷ್ಯೆ ಬನವ್ವನನ್ನು ಕರೆದರು.

"ಬಿಸಿಲಿಗೆ ಹಿಡಿದ್ರ ನಾಚಿಕಿ ಪಡದಂಥ ಒಂದು ಸೀರಿ ನೇದು ತಾ. ಈ ನನ್ನ ಮಗ್ಗ ನಿನಗ. ಈ ಹುಡುಗ್ಯಾರಿಗೆ ಕಲಿಸೋ ಜಾಗಾನೂ ನಿನಗ. ಮೂರು ಸಲ ತೋರಸಬಹುದು. ನಾಕನೇದು ಇಲ್ಲ."

ಬನವ್ವನಿಗೆ ಬೇಕಾಗಿದ್ದೂ ಅದೇ. ಲಂಗ ಉಡುವ ವಯಸ್ಸಿನಿಂದ ಆ ಮಗ್ಗದ ಮೇಲೆ ಅವಳಿಗೆ ಆಸೆ. ಕೈಯೂ ಚುರುಕು. ಆದರೆ ಮನೆಯಲ್ಲಿ ಗಂಡ, ಅತ್ತೆ, ಪುಟ್ಟ ಮಗಳು ಚಂಪಿ, ಹಿಂಡುವ ಎಮ್ಮೆ. ಇವರಲ್ಲಿ ಎಮ್ಮೆಯೊಂದೇ ಹೊತ್ತು ನೋಡಿ ಕೂಗುತ್ತಿತ್ತು.

ಮೊದಲ ಸೀರೆ ವಾಪಸ್ಸು ಬಂತು.

ಎರಡನೆಯದನ್ನು ಗುರುವ್ವ ಬಾಗಿಲ ಬಿಸಿಲಿಗೆ ಹಿಡಿದರು. ಕಣ್ಣು ಮಂಜಾಗಿದ್ದರೂ ಹೆಬ್ಬೆರಳು ಮಂಜಾಗಿರಲಿಲ್ಲ. ಬಟ್ಟೆಯ ಮೇಲೆ ಸರಿಯುತ್ತ ಒಂದು ಕಡೆ ನಿಂತಿತು. ಅಲ್ಲಿ ಅಡ್ಡಕ್ಕೆ ಒಂದು ತೆಳು ಗೆರೆ, ನೇಯುತ್ತ ನಡುವೆ ಬಿಟ್ಟೆದ್ದರೆ ಬೀಳುವಂಥದ್ದು.

"ಇಲ್ಲಿ ಎದ್ದೀ. ಯಾಕ?"

"ಹಾಲು ಉಕ್ಕಿತ್ರಿ."

"ಇಲ್ಲಿ?"

"ಅವರ ಅಂಗಿ ಸಿಗಲಿಲ್ಲಂತ."

"ಇಲ್ಲಿ?"

"ಅತ್ತಿ ಕರದ್ರು."

"ಏನು ಬೇಕಾಗಿತ್ತು?"

"ಏನೂ ಇಲ್ರಿ. ಮನ್ಯಾಗ ಇದ್ದೀಯೋ ಇಲ್ಲೋ ಅಂತ ಕೇಳಾಕ ಕರದಿದ್ರು."

ಗುರುವ್ವ ನಕ್ಕರು. ಬನವ್ವ ನಗಲಿಲ್ಲ. ಅವಳಿಗೆ ಅಳು ಬಂದಿತ್ತು.

"ಹೊತ್ತು ಸಾಲವಲ್ದು ಗುರುವ್ವ. ನಾಳಿಂದ ಕೋಳಿ ಕೂಗೋಕಿಂತ ಮೊದಲ ಮಗ್ಗಕ್ಕ ಕೂಡ್ತೀನಿ."

"ತೂತಿನ ಕೊಡಕ್ಕ ಇನ್ನೊಂದು ಬಿಂದಿಗಿ ನೀರು ಹೊಯ್ತೀಯೇನು?"

ಬನವ್ವ ಸೀರೆ ಮಡಿಚಿಕೊಂಡಳು.

"ಹೋಗು. ನಾಳೆ ನಾನ ಬರ್ತೀನಿ."

ಮರುದಿನ ಗುರುವ್ವ ಕೋಲೂರಿಕೊಂಡು ಬನವ್ವನ ಮನೆಗೆ ಬಂದರು. ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ಅಂಚಿನಲ್ಲೇ ಕೂತರು.

"ಲಾಳಿಗೆ ಹೊಸಾ ಕಂಡಿಕಿ ಹಾಕು," ಎಂದರು.

ಬನವ್ವ ನೂಲು ಸುತ್ತಿದ ಕಂಡಿಕೆಯನ್ನು ಲಾಳಿಯೊಳಗಿಟ್ಟು ನೇಯತೊಡಗಿದಳು. ನಾಲ್ಕು ಎಳೆ ಕೂಡುವಷ್ಟರಲ್ಲಿ ಗಂಡನ ದನಿ.

"ನನ್ನ ಟವೆಲ್ ಎಲ್ಲೈತಿ?"

ಬನವ್ವ ಏಳಹೋದಳು. ಗುರುವ್ವ ಅವಳ ಹೆಗಲ ಮೇಲೆ ಕೈಯಿಟ್ಟರು.

"ಕಂಡಿಕಿ ಮುಗೀತೇನು?"

"ಇಲ್ರಿ."

"ಹಂಗಾರ ಕೂಡು." ಆಮೇಲೆ ಒಳಗೆ ಕೇಳುವಂತೆ ಹೇಳಿದರು, "ಬರ್ತಾಳಪಾ, ಕಂಡಿಕಿ ಮುಗೀಲಿ."

ಗಂಡ ತಾನೇ ಹುಡುಕುತ್ತ ಹೊರಗೆ ಬಂದ. ಟವೆಲ್ ಅವನ ಹೆಗಲ ಮೇಲೇ ಇತ್ತು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಅಂಥ ಗಂಡಸು. ಗುರುವ್ವನನ್ನು ನೋಡಿ ನಾಚಿಕೊಂಡು ಹೊಲದ ಹಾದಿ ಹಿಡಿದ.

ಆಮೇಲೆ ಅತ್ತೆ ಕರೆದರು.

"ಬರ್ತಾಳ್ರಿ, ಕಂಡಿಕಿ ಮುಗೀಲಿ," ಎಂದರು ಗುರುವ್ವ.

ಅತ್ತೆಗೆ ಸಿಟ್ಟು ಬಂತು. ಯಾರಪ್ಪಾ ಇದು ನನ್ನ ಮನೆಯಲ್ಲಿ ಉತ್ತರ ಕೊಡುವವರು ಅಂತ ಪಡಸಾಲೆಗೇ ಬಂದರು. ಬಂದವರು ಗುರುವ್ವನ ಜೊತೆ ಮಾತಿಗೆ ಕೂತರು. ಮಾತಿನ ನಡುವೆ ಮೊರ ಎಳೆದುಕೊಂಡು ಬೇಳೆ ಹಸನು ಮಾಡತೊಡಗಿದರು. ಹೇಳಿದವರು ಯಾರೂ ಇಲ್ಲ.

ಕಂಡಿಕೆ ಮುಗಿಯಿತು. ಬನವ್ವ ಬಾಚಣಿಗೆಯಂಥ ಹಣಿಗೆ ಎಳೆದು ಎಳೆಗಳನ್ನು ಗಟ್ಟಿಯಾಗಿ ಬಡಿದು, ನೂಲಿನ ಬಿಗಿ ನೋಡಿಕೊಂಡು ಎದ್ದಳು. ಒಲೆಗೆ ಹೋದಳು, ರೊಟ್ಟಿ ಬಡಿದಳು, ಚಂಪಿಗೆ ಉಣಿಸಿದಳು. ಬಂದು ಮತ್ತೊಂದು ಕಂಡಿಕೆ ಹಾಕಿದಳು. ಎದ್ದ ಜಾಗದಲ್ಲಿ ಗೆರೆ ಇರಲಿಲ್ಲ.

"ಏನು ಬದಲಾತು?" ಕೇಳಿದರು ಗುರುವ್ವ.

"ಮನಿ ಬಿದ್ದು ಹೋಗ್ತೈತಿ ಅನ್ಕೊಂಡಿದ್ದೆ. ಬೀಳಲಿಲ್ರಿ."

"ಹಂಗಾರ ನನ್ನ ಕೆಲಸ ಆತು," ಎಂದು ಗುರುವ್ವ ಕೋಲು ಎತ್ತಿಕೊಂಡರು.

ಅಂದಿನಿಂದ ಆ ಮನೆಯಲ್ಲಿ ಅದೊಂದು ಮಾತು ರೂಢಿಗೆ ಬಂತು. ಗಂಡ ಏನಾದರೂ ಕೇಳಿದರೆ ಚಂಪಿಯೇ ಸೊಂಟದ ಮೇಲೆ ಕೈಯಿಟ್ಟು "ಕಂಡಿಕಿ ಮುಗೀಲಿ" ಎನ್ನುತ್ತಿದ್ದಳು. ಅವನು ತನ್ನ ತಾಟು ತಾನೇ ಹಾಕಿಕೊಳ್ಳುವುದು ಕಲಿತ. ಬನವ್ವನ ಮುಖದಲ್ಲಿ ಕಳೆ ಬಂತು. ಮೂರನೆಯ ಸೀರೆ ಸೆರಗಿನ ಹತ್ತಿರ ಬಂತು. ಒಂದೂ ಗೆರೆಯಿಲ್ಲ.

ಒಂದು ಮಧ್ಯಾಹ್ನ ಅವಳು ಹೊಸ ಕಂಡಿಕೆ ಹಾಕಿ ಲಾಳಿ ಎಸೆದಿದ್ದಳಷ್ಟೆ. ಅಂಗಳದ ಕಟ್ಟೆಯಿಂದ ಚಂಪಿ ಬಿದ್ದಳು. ಹಣೆ ಒಡೆಯಿತು.

ಬನವ್ವ ಲಾಳಿ ಅಲ್ಲೇ ಬಿಟ್ಟು ಓಡಿದಳು. ರಕ್ತ ಒರೆಸಿ, ಅರಿಸಿನ ಒತ್ತಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಸಂಜೆಯಾಯಿತು. ಕೂಸು ಬಿಟ್ಟು ಏಳಲಿಲ್ಲ.

"ಕಂಡಿಕಿ ಹಂಗ ಐತಲ್ಲ," ಎಂದರು ಅತ್ತೆ. "ಇಕಿನ್ನ ನಾ ನೋಡ್ಕೋತೀನಿ. ಹೋಗು, ಅದು ನಿನ್ನ ಕಡೀ ಸೀರಿ."

"ಇರ್ಲಿ ಅತ್ತಿ. ಈಗ ನಾ ಇಲ್ಲಿ ಕುಂತೀನಿ."

ಮರುದಿನ ಚಂಪಿ ಎದ್ದು ಆಡತೊಡಗಿದ ಮೇಲೆ ಮಗ್ಗಕ್ಕೆ ಹೋದಳು. ಬಿಗಿ ಸಡಿಲಾಗಿತ್ತು. ಎಷ್ಟು ಹುಷಾರಾಗಿ ಬಡಿದರೂ ಗೆರೆ ಉಳಿಯಿತು, ಸೆರಗಿನ ಬುಡದಲ್ಲೇ, ಎದ್ದು ಕಾಣುವಂತೆ.

ಮಗ್ಗದಿಂದ ಸೀರೆ ಇಳಿಸಿದ ದಿನ ಅತ್ತೆ ಮೆಲ್ಲಗೆ ಹೇಳಿದರು, "ಗೆರಿ ಮ್ಯಾಲೆ ದಪ್ಪಗ ಗಂಜಿ ಹಾಕು. ಮುದುಕಿ ಕಣ್ಣಿಗೆ ಏನ್ ಕಾಣ್ತೈತಿ?"

"ಇದು ಚಂಪಿ ಗೆರಿ ಅತ್ತಿ. ಇದನ್ನ ನಾ ಮುಚ್ಚಂಗಿಲ್ಲ."

ಹಾಗೆ ಹೇಳಿದಳೇನೋ ನಿಜ. ಆದರೆ ಹೊಳೆ ದಂಡೆಯ ಹಾದಿಯುದ್ದಕ್ಕೂ ಎದೆ ಭಾರವಾಗಿತ್ತು. ಮಗ್ಗ ಕೈತಪ್ಪಿತು ಅಂತಲೇ ಅವಳ ಲೆಕ್ಕ. ಆದರೂ ತಲೆ ತಗ್ಗಿಸದೆ ನಡೆದಳು.

ಗುರುವ್ವ ತಮ್ಮ ಮಗ್ಗದ ಕುಣಿಯಲ್ಲೇ ಕೂತಿದ್ದರು. ಕೂತಲ್ಲೇ ಸೀರೆಯನ್ನು ಬಿಸಿಲಿಗೆ ಹಿಡಿದರು. ಹೆಬ್ಬೆರಳು ಸರಿಯಿತು, ಸರಿಯಿತು, ಎಲ್ಲೂ ನಿಲ್ಲಲಿಲ್ಲ. ಸೆರಗಿನ ಬುಡಕ್ಕೆ ಬಂದು ನಿಂತಿತು.

"ಇಲ್ಲಿ?"

"ಮಗಳು ಬಿದ್ಲು. ಹಣಿ ಒಡೀತು."

"ಕಂಡಿಕಿ ಎಷ್ಟಿತ್ತು?"

"ತುಂಬ ಇತ್ರಿ."

"ಕೂಸಿನ್ನ ತೊಡಿಮ್ಯಾಲೆ ಹಾಕ್ಕೊಂಡು ಮಗ್ಗದ ಚಿಂತಿ ಮಾಡ್ದೇನು?"

ಬನವ್ವ ನೆನಪು ಮಾಡಿಕೊಂಡಳು.

"ಇಲ್ರಿ. ಮಗ್ಗ ಐತಿ ಅನ್ನೋದ ಮರತಿದ್ದೆ."

ಗುರುವ್ವ ಸೀರೆಯನ್ನು ನಿಧಾನವಾಗಿ ಮಡಿಚಿದರು. ಗೆರೆ ಮೇಲೆ ಬರುವಂತೆ ಮಡಿಚಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಬನವ್ವನ ಕೈ ಹಿಡಿದು ಕುಣಿಯಿಂದ ಮೇಲೆದ್ದರು. ಖಾಲಿಯಾದ ಜಾಗವನ್ನು ಕೋಲಿನಿಂದ ತೋರಿಸಿದರು.

"ಇಳಿ."

ಬನವ್ವ ಗೆರೆಯನ್ನು ನೋಡಿದಳು, ಗುರುವ್ವನನ್ನು ನೋಡಿದಳು, ಇಳಿಯಲಿಲ್ಲ.

"ಗೆರಿ ಐತಲ್ರಿ ಗುರುವ್ವ."

"ಐತಿ. ಅದೊಂದು ಇರದಿದ್ರ ನಿನಗ ಈ ಮಗ್ಗ ಕೊಡ್ತಿರಲಿಲ್ಲ."