ಹತ್ತನೇ ಕ್ಲಾಸು ಪಾಸಾದ ಪಾಲಯ್ಯನ ಲಾರಿ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಹೂಂ ಅನ್ನೋರು ಮುಂದೆ ಬನ್ನಿ, ಆಕಳಿಸೋರು ಹಿಂದಕ್ಕೆ ಹೋಗಿ. ಪಾಲಯ್ಯ ಲಾರಿ ಓಡಿಸಿದ ಕತೆ ಹೇಳ್ತೀನಿ.

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ಬೋರಮ್ಮ ಅಂತ ಒಬ್ಬಳಿದ್ದಳು. ಲಾರಿಯವರಿಗೆ ಮುದ್ದೆ, ಸಾರು ಮಾಡಿ ಹಾಕೋ ಒಂದು ಸಣ್ಣ ಹೋಟ್ಲು ಅವಳದು. ಅವಳಿಗೆ ಒಬ್ಬನೇ ಮಗ, ಪಾಲಯ್ಯ. ಆಳು ಅಂದ್ರೆ ಬಾಗಿಲು ತುಂಬೋ ಆಳು. ಮೀಸೆ ಅಂದ್ರೆ ಮುಖ ತುಂಬೋ ಮೀಸೆ. ಬುದ್ಧಿ ಮಾತ್ರ, ಏನು ಹೇಳಿದರೆ ಅಷ್ಟೇ. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಮ್ಮಿ ಇಲ್ಲ!

ಒಂದು ದಿನ ಬೋರಮ್ಮ ನೀರಿಗೆ ಹೊರಟಳು. "ಪಾಲಾ, ಒಲೆ ಮೇಲೆ ಅನ್ನ ಐತೆ. ಅದರ ಮೇಲೆ ಒಂದು ಕಣ್ಣಿಟ್ಟಿರೋ!" ಅಂದಳು.

ಕೊಡ ಹೊತ್ತು ವಾಪಸ್ ಬಂದು ನೋಡ್ತಾಳೆ, ಅನ್ನ ಸೀದು ಇದ್ದಿಲಾಗೈತೆ. ಮಗ ಒಂದು ಕಣ್ಣನ್ನ ಅಂಗೈಯಲ್ಲಿ ಮುಚ್ಚಿಕೊಂಡು, ಇನ್ನೊಂದನ್ನ ಪಾತ್ರೆ ಹತ್ತಿರ ಹಿಡಿದು, ಹುಬ್ಬು ಸುಟ್ಟುಕೊಂಡು ಕೂತವನೆ!

"ಅಯ್ಯೋ ನನ್ನ ಹಣೆಬರಹವೇ! ಕೆಳಗೆ ಇಳಿಸಬಾರದೇನೋ?"

"ಕಣ್ಣಿಡು ಅಂದೆ ಅವ್ವಾ! ಕೈ ಹಾಕು ಅನ್ನಲಿಲ್ಲ!"

ಬೋರಮ್ಮ ಹಣೆ ಚಚ್ಚಿಕೊಂಡಳು. ಇಂಥವನನ್ನ ಯಾವ ಕೆಲಸಕ್ಕೆ ಹಚ್ಚೋದು? ಯಾರು ಇಟ್ಟುಕೊಳ್ತಾರೆ? ನಾನು ಹೋದ ಮೇಲೆ ಇವನ ಗತಿ ಏನು? ಇದೇ ಯೋಚನೆ ಅವಳಿಗೆ, ಮುದ್ದೆ ತಿರುವುವಾಗಲೂ ಇದೇ, ಮಲಗಿದಾಗಲೂ ಇದೇ.

ಆದರೆ ಕೇಳಿ, ಈ ಪಾಲಯ್ಯ ಹತ್ತನೇ ಕ್ಲಾಸು ಪಾಸಾಗಿದ್ದ! ಹೆಂಗೆ ಅಂತೀರಾ? ಮೇಷ್ಟ್ರು "ಪುಸ್ತಕದಲ್ಲಿ ಇರೋ ಹಾಗೇ ಬರಿಯೋ" ಅಂದಿದ್ರು. ಇವನು ಪುಸ್ತಕದಲ್ಲಿ ಇರೋ ಹಾಗೇ ಬರೆದ. "ಚಿತ್ರಕ್ಕಾಗಿ ಮುಂದಿನ ಪುಟ ನೋಡಿ" ಅನ್ನೋದನ್ನೂ ಬಿಡದೆ ಬರೆದ. ಪಾಸಾದ! ಆಮೇಲೆ ಟ್ರ್ಯಾಕ್ಟರ್ ಕಲಿತ, ಲಾರಿ ಕಲಿತ. ಕೈ ಕಾಲು ಗಟ್ಟಿ, ಗೇರು ಬೆಣ್ಣೆ ಹಂಗೆ ಹಾಕೋನು. ಲೈಸೆನ್ಸೂ ಸಿಕ್ಕಿತು. ಲಾರಿ ಕೊಡೋರು ಮಾತ್ರ ಸಿಗಲಿಲ್ಲ.

ಹಿಂಗಿರುವಾಗ ಒಂದು ಎಡವಟ್ಟಾಯಿತು. ಊರಿನ ರುದ್ರಪ್ಪ ಸಾವ್ಕಾರನ ಲಾರಿ ಓಡಿಸ್ತಿದ್ದೋನು ಮಾಬುಸಾಬಿ. ಎಲ್ಲರ ಬಾಯಲ್ಲಿ ಮಾಬಣ್ಣ. ತಲೆ ನರೆತ ಹಳೇ ಡ್ರೈವರು. ಕತ್ತಲಾಗಲಿ, ಮಂಜಾಗಲಿ, ಗಾಡಿ ಒಂದು ಗೀರು ಕಾಣದೆ ಮನೆಗೆ ಬರೋದು. ಆದರೆ ಅವನಿಗೆ ಓದು ಬರಹ ಇಲ್ಲ. ಸಾವ್ಕಾರ ಈರುಳ್ಳಿ ತುಂಬಿಸಿ, ಎಂಜಿನ್ ಗಡಗಡ ಅನ್ನೋವಾಗ "ಹೊಸಕೋಟೆ!" ಅಂತ ಕೂಗಿದ. ಮಾಬಣ್ಣನ ಕಿವಿಗೆ "ಹೊಸಪೇಟೆ!" ಅಂತ ಬಿತ್ತು. ತೆಂಕಲಿಗೆ ಹೋಗಬೇಕಾದ ಈರುಳ್ಳಿ ಬಡಗಲಿಗೆ ಹೋಯಿತು! ದಾರಿಯುದ್ದಕ್ಕೂ ಹೊಸಪೇಟೆ, ಹೊಸಪೇಟೆ ಅಂತ ಬೋರ್ಡು. ಕೈಯಲ್ಲಿ ಹೊಸಕೋಟೆ ಅಂತ ಚೀಟಿ. ಓದೋರು ಯಾರು?

ಈರುಳ್ಳಿ ಕೊಳೆಯಿತು, ಸಾವ್ಕಾರ ಕೆರಳಿದ. ಬೋರಮ್ಮನ ಹೋಟ್ಲಲ್ಲೇ ಬೆಂಚು ಗುದ್ದಿ ಹೇಳಿದ: "ಇನ್ಮೇಲೆ ಹತ್ತನೇ ಕ್ಲಾಸು ಪಾಸಾದೋನಿಗೇ ನನ್ನ ಸ್ಟೇರಿಂಗು!"

ಡ್ರೈವರುಗಳೆಲ್ಲ ಎದ್ದು ನಿಂತರು. "ಏನ್ ಸಾವ್ಕಾರ್ರೇ! ಸ್ಟೇರಿಂಗು ಕೇಳುತ್ತಾ, ನೀನು ಎಷ್ಟು ಓದಿದೀಯ ಅಂತ?"

"ಸ್ಟೇರಿಂಗು ಕೇಳಲ್ಲ, ದಾರಿ ಬೋರ್ಡು ಕೇಳುತ್ತೆ!"

"ಬ್ರೇಕು ಹೊಡೆಯೋಕೆ ವ್ಯಾಕರಣ ಬೇಕಾ?"

"ಊರು ತಲುಪೋಕೆ ಅಕ್ಷರ ಬೇಕು!"

ಜಗಳ ಜೋರಾಯಿತು. ಬೋರಮ್ಮ ಒಂದು ಕಡೆ ಮಾಬಣ್ಣನ ಮುಖ ನೋಡಿದಳು, ಇನ್ನೊಂದು ಕಡೆ ಮಗನ ಮುಖ ನೋಡಿದಳು. ಮಾಬಣ್ಣ ಅವಳ ಕೈ ಊಟ ಉಂಡು ಮುದುಕನಾದೋನು. ಆದರೂ ತಾಯಿ ಅಲ್ವಾ? ನೆಲ ನೋಡಿಕೊಂಡು ಮೆಲ್ಲಗೆ ಅಂದಳು: "ನಮ್ ಪಾಲ ಪಾಸಾಗವನೆ ಸಾವ್ಕಾರ್ರೇ."

ಮುಗೀತು! ಪಾಲಯ್ಯ ಸ್ಟೇರಿಂಗಿಗೆ ಹತ್ತಿದ. ಮಾಬಣ್ಣ ಪಕ್ಕದ ಸೀಟಿಗೆ ಇಳಿದ. ಸಾವ್ಕಾರ ಅವನಿಗೆ "ನೀನು ಬಾಯಿ ಬಿಡಬೇಡ, ಓದಿದೋನು ಅವನು" ಅಂದುಬಿಟ್ಟ. ಮಾಬಣ್ಣ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು "ಆಯ್ತು, ಬಿಡಲ್ಲ" ಅಂದ. ಸಿಟ್ಟು ಅಂದ್ರೆ ಅಂಥಾ ಸಿಟ್ಟು!

ಸಾವ್ಕಾರ ಪಾಲಯ್ಯನಿಗೆ ಹೇಳಿದ: "ದಾವಣಗೆರೆಗೆ ಹುಣಸೆಹಣ್ಣು. ಬೋರ್ಡು ಓದ್ಕೊಂಡು ಹೋಗು. ಬೋರ್ಡಲ್ಲಿ ಏನೈತೋ ಹಂಗೇ ಮಾಡು!"

"ಹಂಗೇ ಮಾಡ್ತೀನಿ ಸಾವ್ಕಾರ್ರೇ!"

ಲಾರಿ ಹೊರಟಿತು. ಮಾಬಣ್ಣ ಮುಖದ ಮೇಲೆ ಟವಲ್ಲು ಎಳೆದು ನಿದ್ದೆ ಹೊಡೆದ. ಊರಾಚೆ ಒಂದು ಬೋರ್ಡು: "ವಂದನೆಗಳು. ಮತ್ತೆ ಬನ್ನಿ." ಪಾಲಯ್ಯ ಓದಿದ. "ಓಹೋ!" ಅಂದ. ಲಾರಿ ತಿರುಗಿಸಿ ಮತ್ತೆ ಬಂದ! ಊರೊಳಗೆ ಒಂದು ಸುತ್ತು. ಮತ್ತೆ ಊರಾಚೆ. ಮತ್ತೆ ಬೋರ್ಡು. ಮತ್ತೆ ಬನ್ನಿ! ಮತ್ತೆ ಬಂದ. ಹೋದ, ಬಂದ. ಹೋದ, ಬಂದ. ಹೊತ್ತು ಇಳಿಯುವಾಗ ಮಾಬಣ್ಣ ಟವಲ್ಲು ತೆಗೆದು ನೋಡ್ತಾನೆ, ಎದುರಿಗೆ ಬೋರಮ್ಮನ ಹೋಟ್ಲು!

"ಏನೋ, ಇಷ್ಟು ಬೇಗ ದಾವಣಗೆರೆಗೆ ಹೋಗಿ ಬಂದ್ವಾ?"

"ಎಲ್ಲಿ ಮಾಬಣ್ಣ, ಬಿಡ್ತಾನೇ ಇಲ್ಲ ಊರೋರು! ಬನ್ನಿ ಬನ್ನಿ ಅಂತಾರೆ!"

ಸಾವ್ಕಾರ ಕುಣಿದಾಡಿದ. "ಲೇ ಮಂಕೇ! ಅದು ಮರ್ಯಾದೆಗೆ ಬರೆಯೋದು ಕಣೋ! ಬೋರ್ಡು ಬಿಟ್ಟಾಕು! ಕಣ್ಣು ರಸ್ತೆ ಮೇಲಿರಲಿ. ಮುಂದೆ ಹೋಗೋ ಗಾಡಿ ನೋಡ್ಕೊಂಡು ಹೋಗು!"

"ಹಂಗೇ ಹೋಗ್ತೀನಿ ಸಾವ್ಕಾರ್ರೇ!"

ಮುಂದಿನ ಸಲ ಟೊಮೇಟೊ. ತುಮಕೂರು ಮಂಡಿಗೆ. ಪಾಲಯ್ಯ ಹೆದ್ದಾರಿಗೆ ಬಂದ. ಮುಂದೆ ಒಂದು ಟೆಂಪೊ, ತುಂಬ ಹೆಂಗಸರು, ಜರಿ ಸೀರೆ, ಮಲ್ಲಿಗೆ ಹೂವು. ಪಾಲಯ್ಯ ಅದನ್ನೇ ನೋಡ್ಕೊಂಡು ಹೋದ. ಟೆಂಪೊ ಎಡಕ್ಕೆ ತಿರುಗಿತು, ಪಾಲಯ್ಯನೂ ಎಡಕ್ಕೆ. ಟೆಂಪೊ ಮಣ್ಣು ದಾರಿ ಹಿಡೀತು, ಪಾಲಯ್ಯನೂ ಮಣ್ಣು ದಾರಿ. ಟೆಂಪೊ ನಿಂತಿತು. ಪಾಲಯ್ಯನೂ ನಿಂತ. ಎದುರಿಗೆ ಚಪ್ಪರ, ವಾಲಗ, ಮದುವೆ!

ಮಾಬಣ್ಣ ಎಲ್ಲ ನೋಡ್ತಾ ಇದ್ದ. ತುಟಿ ಬಿಚ್ಚಲಿಲ್ಲ. ಬಾಯಿ ಬಿಡಬೇಡ ಅಂದಿದಾರಲ್ಲ!

ಅಡಿಗೆ ಭಟ್ಟ ಓಡಿ ಬಂದ. "ಬಂತಾ ಟೊಮೇಟೊ? ಎಷ್ಟೊತ್ತಪ್ಪಾ ನಿಂದು! ಇಳಿಸಿ, ಇಳಿಸಿ!" ಅವರಿಗೆ ಬರಬೇಕಾದ ಟೊಮೇಟೊ ಬೇರೆ ಕಡೆಯಿಂದ ಬರೋದಿತ್ತು, ಪಾಪ. ಬುಟ್ಟಿ ಇಳಿದವು. ಇಳಿದಿದ್ದು ಕೊಪ್ಪರಿಗೆಗೆ ಬಿತ್ತು. ಕೊಪ್ಪರಿಗೆಗೆ ಬಿದ್ದಿದ್ದು ಸಾರಾಯಿತು! ಪಾಲಯ್ಯನಿಗೂ ಮಾಬಣ್ಣನಿಗೂ ಎಲೆ ಹಾಕಿ ಬಡಿಸಿದರು. ಮಾಬಣ್ಣ ಅವತ್ತು ಬಾಯಿ ಬಿಟ್ಟ, ಲಾಡು ಹಾಕಿಕೊಳ್ಳೋಕೆ!

ಖಾಲಿ ಲಾರಿ ನೋಡಿ ಸಾವ್ಕಾರ ಹಿಗ್ಗಿದ. "ಭಲೇ! ಎಲ್ಲಾ ಹೋಯ್ತಾ?"

"ಎಲ್ಲಾ ಹೋಯ್ತು ಸಾವ್ಕಾರ್ರೇ! ಎರಡು ಪಂಕ್ತಿಗೇ ಖಾಲಿ!"

ಆಮೇಲಿನದು ನಾನು ಹೇಳಲ್ಲ, ನಿಮ್ಮ ಕಿವಿಗೆ ಒಳ್ಳೇದಲ್ಲ. ಸಾವ್ಕಾರ ಟೊಮೇಟೊ ದುಡ್ಡಿಗೆ ಭಟ್ಟನ ಹಿಂದೆ ಅಲೆಯೋಕೆ ಹೋದ. ಇತ್ತ ಬೋರಮ್ಮ ಮಗನ ಕಿವಿ ಹಿಂಡಿದಳು. ಅವಳ ಕಣ್ಣಲ್ಲಿ ನೀರಿತ್ತು. "ಈ ಕೆಲಸವೂ ಹೋದ್ರೆ ಇನ್ನೇನು ಮಾಡ್ತೀಯೋ? ನಿನಗೆ ಬಾಯಿಲ್ವಾ? ದಾರೀಲಿ ಸಿಕ್ಕೋರನ್ನ ಕೇಳು. ಎಲ್ಲಿಗೆ ಹೋಗ್ಬೇಕು ಅಂತ ಕೇಳು. ಅವರು ಹೇಳಿದ ಕಡೆ ಹೋಗು!"

"ಅಳಬೇಡ ಅವ್ವಾ. ಕೇಳ್ತೀನಿ. ಎಲ್ಲಾರನ್ನೂ ಕೇಳ್ತೀನಿ!"

ಮುಂದಿನ ಸಲ ಸಿಮೆಂಟು, ಚಳ್ಳಕೆರೆಗೆ. ಊರು ದಾಟುತ್ತಲೇ ಒಬ್ಬ ಅಜ್ಜ ಕಂಬಳಿ ಹೊದ್ದು ನಿಂತಿದ್ದ. ಪಾಲಯ್ಯ ಗಕ್ಕನೆ ಬ್ರೇಕು ಒತ್ತಿದ.

"ಅಜ್ಜಾ, ಎಲ್ಲಿಗೆ ಹೋಗ್ಬೇಕು?"

"ಧರ್ಮಪುರಕ್ಕಪ್ಪಾ. ಮಗಳ ಮನೆಗೆ."

"ಹಂಗಾದ್ರೆ ಹತ್ತು!" ಲಾರಿ ಧರ್ಮಪುರಕ್ಕೆ ಹೋಯಿತು. ಅಲ್ಲಿ ಒಬ್ಬಳು ಅಜ್ಜಿ, ಕಂಕುಳಲ್ಲಿ ಕೋಳಿ.

"ಅಜ್ಜೀ, ಎಲ್ಲಿಗೆ ಹೋಗ್ಬೇಕು?"

"ಐಮಂಗಲಕ್ಕೆ ಕಣಪ್ಪ. ಬಸ್ಸೇ ಇಲ್ಲ ನೋಡು!"

ಐಮಂಗಲಕ್ಕೆ ಹೋಯಿತು ಲಾರಿ. ಅಲ್ಲಿ ನೀರಿನ ಪೈಪು ಹೊತ್ತ ಇಬ್ಬರು ಅಣ್ಣತಮ್ಮಂದಿರು. "ಎಲ್ಲಿಗೆ ಹೋಗ್ಬೇಕು?" ಒಬ್ಬ ತೋಟಕ್ಕೆ ಅಂದ, ಇನ್ನೊಬ್ಬ ರಿಪೇರಿ ಅಂಗಡಿಗೆ ಅಂದ. ಪಾಲಯ್ಯ ಇಬ್ಬರನ್ನೂ ಬಿಟ್ಟು ಬಂದ. ಹೋದಲ್ಲೆಲ್ಲ "ನಿನ್ನ ಹೊಟ್ಟೆ ತಣ್ಣಗಿರಲಪ್ಪಾ!" ಒಬ್ಬಳು ಕಡ್ಲೆಕಾಯಿ ಕೊಟ್ಟಳು. ಒಬ್ಬಳು ಮೀಸೆ ಸವರಿ ದೃಷ್ಟಿ ತೆಗೆದಳು. ಸಿಮೆಂಟು ಎಲ್ಲಾ ಊರು ನೋಡಿತು, ಚಳ್ಳಕೆರೆ ಒಂದು ಬಿಟ್ಟು!

ಮಾಬಣ್ಣ ತಡೆದ, ತಡೆದ, ಕಡೆಗೆ ತಡೆಯಲಾಗದೆ ನಕ್ಕುಬಿಟ್ಟ. ಟವಲ್ಲು ಬಾಯಿಗೆ ತುರುಕಿಕೊಂಡು ನಕ್ಕ. ಅವನ ಸಿಟ್ಟು ಅಲ್ಲೇ ಸೋರಿಹೋಯಿತು. "ಸರ್ಕೋ ಲೇ ಪಾಲ. ನಾನು ಹಿಡೀತೀನಿ. ನೀನು ಬೋರ್ಡು ಓದಿ ಹೇಳು, ಏನು ಮಾಡ್ಬೇಕು ಅಂತ ನಾನು ನೋಡ್ಕೊಳ್ತೀನಿ."

"ಐ-ಮಂ-ಗ-ಲ ಅಂತ ಬರ್ದೈತೆ ಮಾಬಣ್ಣ!"

"ಬರ್ದಿರಲಿ. ನಾವು ಹಿಂದಕ್ಕೆ ತಿರುಗ್ತಾ ಇದೀವಿ."

ಪಾಲಯ್ಯ ಓದಿದ, ಮಾಬಣ್ಣ ಓಡಿಸಿದ. ಸಿಮೆಂಟು ಚಳ್ಳಕೆರೆ ಮುಟ್ಟಿತು. ವಾಪಸ್ ಬಂದು ಮಾಬಣ್ಣ ಸಾವ್ಕಾರನ ಎದುರಿಗೆ ನೆಟ್ಟಗೆ ನಿಂತ. "ಸಾವ್ಕಾರ್ರೇ, ಈರುಳ್ಳಿ ಕೊಳೆಸಿದ್ದು ನಾನೇ. ನನ್ನ ತಪ್ಪೇ. ಆದ್ರೆ ಈ ಹುಡುಗನ ಹೊಟ್ಟೆಗೂ ಹೊಡೀಬೇಡಿ. ಇಬ್ಬರನ್ನೂ ಒಂದೇ ಲಾರೀಲಿ ಇಡಿ."

ಸಾವ್ಕಾರ ತಲೆ ಕೆರೆದುಕೊಂಡ. ಹತ್ತನೇ ಕ್ಲಾಸು ಬೇಕೋ ಬೇಡವೋ ಅಂತ ಅವನಿಗೂ ಈಗ ತಿಳೀತಿರಲಿಲ್ಲ. "ಹಾಳಾಗಿ ಹೋಗಿ, ಇಬ್ಬರೂ ಇರಿ!" ಅಂದ. ಬೋರಮ್ಮ ಅವತ್ತು ಕೋಳಿ ಸಾರು ಮಾಡಿದಳು. ಮಾಬಣ್ಣನ ತಟ್ಟೆಗೆ ದೊಡ್ಡ ತುಂಡು ಹಾಕಿ ಒಳಗೆ ಹೋದಳು.

ಅಲ್ಲಿಂದ ಲಾರಿ ಹೇಳಿದ ಊರಿಗೆ ಹೇಳಿದ ಹೊತ್ತಿಗೆ ಹೋಗತೊಡಗಿತು. ಒಂದೇ ಕೊರತೆ. ಇಬ್ಬರೂ ಮಾತಿಗೆ ಕೂತರೆ ಮಾಬಣ್ಣ ರಸ್ತೆ ಬಿಟ್ಟು ಪಾಲಯ್ಯನ ಮುಖ ನೋಡೋನು. ಒಂದು ಸಲ ಎಮ್ಮೆ ಬಾಲಕ್ಕೆ ಬಂಪರ್ ತಾಗಿಸಿಯೇಬಿಟ್ಟ. ಸಾವ್ಕಾರನ ಕಿವಿಗೆ ಬಿತ್ತು. ಬಣ್ಣದ ಡಬ್ಬಿ, ಬ್ರಷ್ಷು ತಂದು ಪಾಲಯ್ಯನ ಕೈಗೆ ಕೊಟ್ಟ.

"ಲೇ, ನಿನ್ನ ಅಕ್ಷರ ಮುತ್ತಿನ ಹಂಗೈತೆ. 'ನೋಡಿ ಓಡಿಸಿ' ಅಂತ ಲಾರೀಲಿ ಬರಿ. ಹೊರಗಡೆ ಅಲ್ಲ, ಒಳಗಡೆ! ಡ್ರೈವರ್ ಕಣ್ಣೆದುರಿಗೇ ಇರಬೇಕು. ದೊಡ್ಡದಾಗಿ, ದಪ್ಪಗೆ ಬರಿ! ಅವನಿಗೆ ಬೇರೆ ಏನೂ ಕಾಣಬಾರದು, ಅದೇ ಕಾಣಬೇಕು! ಅವನಿಗೆ ಓದೋಕೆ ಬರದಿದ್ರೆ ನೀನು ಓದಿ ಹೇಳು!"

"ಹಂಗೇ ಬರೀತೀನಿ ಸಾವ್ಕಾರ್ರೇ!"

ಪಾಲಯ್ಯ ಲಾರಿ ಒಳಗೆ ಸೇರಿ ಬಾಗಿಲು ಹಾಕಿಕೊಂಡ. ನಾಲಿಗೆ ಕಚ್ಚಿ ಬರೆದ, ಉಸಿರು ಬಿಗಿಹಿಡಿದು ಬರೆದ. ಸಂದು ಉಳಿದರೆ ಬೇರೆ ಏನಾದ್ರೂ ಕಂಡೀತು ಅಂತ ಅಕ್ಷರದ ಸುತ್ತ ಮುತ್ತ ಹಸಿರು ಬಣ್ಣ ಬಳಿದ.

ಬೆಳಗ್ಗೆ ಸೌತೆಕಾಯಿ ತುಂಬಿ ಲಾರಿ ರೆಡಿಯಾಯಿತು. ಸಾವ್ಕಾರ ಬಂದ, ಬೋರಮ್ಮ ಬುತ್ತಿ ತಂದಳು. ಮಾಬಣ್ಣ ಬಾಗಿಲು ತೆಗೆದು ಹತ್ತಿ, ಬಿಸ್ಮಿಲ್ಲಾ ಅಂದು, ಕೀಲಿ ತಿರುಗಿಸಿ ತಲೆ ಎತ್ತಿದ. ಮುಂದಿನ ಗಾಜು ಈ ತುದಿಯಿಂದ ಆ ತುದಿವರೆಗೆ, ಮೇಲಿಂದ ಕೆಳಗಿನವರೆಗೆ, ಹಸಿರು ಗೋಡೆ! ಗೋಡೆ ತುಂಬ ಬಿಳೀ ಅಕ್ಷರ, ಒಂದೊಂದೂ ಕುಂಬಳಕಾಯಿ ಗಾತ್ರ!

"ಯಾ ಅಲ್ಲಾ! ಏನೋ ಇದು?"

ಪಾಲಯ್ಯ ಪಕ್ಕದ ಸೀಟಲ್ಲಿ ಎದೆಯುಬ್ಬಿಸಿ ಕೂತು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ: "ನೋ-ಡಿ ಓ-ಡಿ-ಸಿ!"

"ಏನು ನೋಡ್ಲೋ! ದಾರಿ ಎಲ್ಲೋ, ದಾರಿ?"

"ಇಲ್ಲೇ ಐತೆ ಮಾಬಣ್ಣ, ಹೊರಡು!" ಅಂದ ಪಾಲಯ್ಯ. "ಅಕ್ಷರದ ಹಿಂದೆ ಐತೆ!"