ತಡವರಿಸಿದ ಹೊತ್ತು

"ಗುರುಗಳೇ, ಪರದೆಯ ಮೇಲೆ ಮಾತಿಗೆ ಜೀವ ಬರುವುದು ಯಾವುದರಿಂದ?"

ಕೇಳಿದವನು ಶಿಷ್ಯ ನಿರುಪಾದಿ. ಮಠದಲ್ಲಿ ಗುರುಗಳು ಆಡಿದ ಮಾತನ್ನು ಮೊಬೈಲಿನಲ್ಲಿ ಹಿಡಿದು, ಆ ದನಿಗೆ ಸರಿಯಾಗಿ ಅಕ್ಷರಗಳು ಮೂಡಿ ಓಡಾಡುವ ಹಾಗೆ ವೀಡಿಯೊ ಮಾಡುವುದು ಅವನ ಕೆಲಸ. ಹಿಂದಿನ ದಿನ ಸಭೆಯಲ್ಲಿ ಹಿರಿಯರೊಬ್ಬರು, "ತಾವು ಸಿಟ್ಟನ್ನು ಗೆದ್ದಿದ್ದೀರಾ?" ಎಂದು ಕೇಳಿದ್ದರು. ಗುರುಗಳು "ಗೆದ್ದಿದ್ದೇನೆ" ಎಂದಿದ್ದರು. ನಿರುಪಾದಿಯ ವೀಡಿಯೊದಲ್ಲಿ ಪ್ರಶ್ನೆ ಮುಗಿಯುತ್ತಲೇ ಆ ಉತ್ತರ ಪರದೆ ತುಂಬ ಎದ್ದು ನಿಂತು ಮಿನುಗುತ್ತಿತ್ತು. ನೋಡಿದವರೆಲ್ಲ ಹೊಗಳಿದರು. ಗುರುಗಳು ಮಾತ್ರ ಎರಡು ಸಲ ನೋಡಿ, ಏನೂ ಹೇಳದೆ ಮೊಬೈಲನ್ನು ಹಿಂದಕ್ಕೆ ಕೊಟ್ಟಿದ್ದರು. ಅದು ಅವನನ್ನು ಕೊರೆಯುತ್ತಿತ್ತು.

"ನಿನ್ನ ಅಕ್ಷರಗಳು ಚೆನ್ನಾಗಿಯೇ ಕುಣಿಯುತ್ತವಪ್ಪಾ. ನನಗಿಂತ ಅವಕ್ಕೇ ಹುರುಪು ಹೆಚ್ಚು," ಎಂದು ಗುರುಗಳು ನಕ್ಕರು. "ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಬ್ಬಳು ನೇಕಾರ ಮುದುಕಿ ಇದ್ದಳು. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ದುಡಿದು ಅವಳ ಕಿವಿ ಪೂರ್ತಿ ಹೋಗಿತ್ತು. ಓದಲು ಬರುತ್ತಿತ್ತು. ಅವಳಿಗೆ ಒಬ್ಬನೇ ಮಗ. ಅವನು ಚಿಕ್ಕಂದಿನಿಂದ ಉಗ್ಗುತ್ತಿದ್ದ. ಒಂದು ಪದ ಹೊರಡಬೇಕಾದರೆ ಮೂರು ಸಲ ಬಾಗಿಲ ತನಕ ಬಂದು ಹಿಂದೆ ಹೋಗುತ್ತಿತ್ತು. ಊರಿನವರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅವನ ಪದವನ್ನು ತಾವೇ ಮುಗಿಸಿಬಿಡುತ್ತಿದ್ದರು. ತಾಯಿ ಎಂದೂ ಹಾಗೆ ಮಾಡಿದವಳಲ್ಲ. ಮಗ್ಗ ನಿಲ್ಲಿಸಿ, ಅವನ ತುಟಿ ನೋಡುತ್ತ, ಮಾತು ಬರುವ ತನಕ ಕಾಯುತ್ತಿದ್ದಳು.

ಸೀರೆ ಮಾರಲು ಪರವೂರಿಗೆ ಹೋದ ಮಗ, ತಿರುಗಿ ಬರುವಾಗ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ಸತ್ತ. ಮುದುಕಿ ಅನ್ನ ಬಿಟ್ಟಳು. ಸೊಸೆ ಎಷ್ಟು ಗೋಗರೆದರೂ ಊಟದ ಗಂಗಾಳ ಮುಟ್ಟಲಿಲ್ಲ. "ಅವನ್ನ ಬಿಟ್ಟು ನಾ ಎಂದ ಉಂಡೀನಿ?" ಎನ್ನುತ್ತಿದ್ದಳು. ದಿನದಿನಕ್ಕೆ ಸೊರಗಿ ಹಾಸಿಗೆ ಹಿಡಿದಳು.

ಸೊಸೆಯ ಮೊಬೈಲಿನಲ್ಲಿ ಮಗ ಕಡೆಯದಾಗಿ ಕಳಿಸಿದ ದನಿ ಇತ್ತು. ಅವ್ವಗ ಹೇಳು, ನಾ ಬರೂದು ತಡ ಆಗತೈತಿ, ಕಾಯಬ್ಯಾಡ, ಉಣ್ಣು. ಇಷ್ಟೇ. ಇದು ಮುದುಕಿಗೆ ಮುಟ್ಟಿದರೆ ಒಂದು ತುತ್ತಾದರೂ ಇಳಿದೀತು ಎಂದು ಸೊಸೆಯ ಆಸೆ. ಪೇಟೆಯಲ್ಲಿ, ನಿನ್ನ ಹಾಗೆಯೇ, ದನಿಗೆ ಅಕ್ಷರ ಕೂಡಿಸಿ ಪರದೆಯ ಮೇಲೆ ಆಡಿಸುವವನೊಬ್ಬನಿದ್ದ. ಅವನ ಹತ್ತಿರ ಹೋದಳು.

ಅವನು ಒಳ್ಳೆಯವನೇ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದು ಉಗ್ಗನ್ನೂ ಆರಿಸಿ ತೆಗೆದ. ಸತ್ತವನ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡ. ಅಕ್ಷರಗಳು ಬಣ್ಣಬಣ್ಣವಾಗಿ, ಹೂವಿನ ನಡುವೆ ತೇಲಿ ಬಂದವು.

ಮುದುಕಿ ನೋಡಿದಳು. ಮೊಬೈಲನ್ನು ಆಚೆ ನೂಕಿದಳು.

"ಇದನ್ನ ಯಾರ ಕಡೆ ಬರಸಿಕೊಂಡು ಬಂದಿ? ನನ್ನ ಮಗ ಇಷ್ಟು ಸರಾಗ ಎಂದ ಮಾತಾಡ್ಯಾನ? ನನಗ ಉಣ್ಣಸಾಕ ಸತ್ತವನ ಹೆಸರಲೆ ಸುಳ್ಳು ಹೇಳತೀಯೇನ?"

ಸೊಸೆ ಅಳುತ್ತ ಪೇಟೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವನಿಗೆ ನಾಚಿಕೆಯಾಯಿತು. ಮೂಲದ ದನಿಯನ್ನು ಮತ್ತೆ ಕೇಳಿದ, ಈ ಸಲ ಕಣ್ಣು ಮುಚ್ಚಿಕೊಂಡು. ಹೂವು ತೆಗೆದ, ಬಣ್ಣ ತೆಗೆದ. ತಾನು ಕತ್ತರಿಸಿದ್ದನ್ನೆಲ್ಲ ಮೊದಲಿದ್ದ ಜಾಗಕ್ಕೇ ತಂದಿಟ್ಟ.

ಸೊಸೆ ಮತ್ತೆ ಮುದುಕಿಯ ಮುಂದೆ ಮೊಬೈಲು ಹಿಡಿದಳು. 'ಅ' ಒಂದೇ ಬಂತು. ನಡುಗಿತು, ಅಳಿಸಿಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಆಮೇಲೆ 'ಅವ್ವಗ' ಎಂದು ಒಮ್ಮೆಲೇ ಹೊರಬಿತ್ತು. ಮುದುಕಿ ಎದ್ದು ಕೂತಳು. ಕಡೆಯ ಪದಕ್ಕೆ 'ಉ' ಬಂದು ಸಿಕ್ಕಿಕೊಂಡಿತು. ಪರದೆ ಬರಿದಾಯಿತು. ಬಹಳ ಹೊತ್ತು ಏನೂ ಬರಲಿಲ್ಲ. ಸೊಸೆಗೆ ತಡೆಯಲಾಗಲಿಲ್ಲ, ಕೈಸನ್ನೆ ಮಾಡಿ ತಾನೇ ಹೇಳಿಬಿಡಲು ಹೋದಳು. ಮುದುಕಿ ಅವಳ ಕೈ ಹಿಡಿದು ನಿಲ್ಲಿಸಿದಳು. ಮಗ್ಗದ ಮುಂದೆ ಕಾಯುತ್ತಿದ್ದ ಹಾಗೆಯೇ ಕಾದಳು.

ಪದ ಬಂತು. ಮುದುಕಿ ಮನಸಾರೆ ಅತ್ತಳು. ಆಮೇಲೆ, "ಗಂಗಾಳ ತಾರವ್ವಾ," ಎಂದಳು.

ಗುರುಗಳು ಕತೆ ನಿಲ್ಲಿಸಿದರು. ನಿರುಪಾದಿಯ ಕೈಯಲ್ಲಿದ್ದ ಮೊಬೈಲಿನ ಕಡೆ ನೋಡಿದರು.

"ನಿನ್ನೆ ಆ ಹಿರಿಯರು ಕೇಳಿದ ಮೇಲೆ, 'ಗೆದ್ದಿದ್ದೇನೆ' ಎನ್ನುವುದಕ್ಕೆ ಮುಂಚೆ, ನಾನು ಎಷ್ಟು ಹೊತ್ತು ಸುಮ್ಮನಿದ್ದೆ?"

"ಬಹಳ ಹೊತ್ತು, ಗುರುಗಳೇ. ನೋಡುವವರಿಗೆ ಬೇಸರವಾಗುತ್ತದೆ ಎಂದು ಕತ್ತರಿಸಿದೆ."

"ಸಿಟ್ಟಿನ ವಿಷಯದಲ್ಲಿ ನಾನು ನಿಜ ಹೇಳಿದ್ದು ಅಷ್ಟು ಹೊತ್ತು ಮಾತ್ರ."